ಕರಾವಳಿಯಲ್ಲಿ ಹಳೇ ಕಾರಿನ ಇಸಿಯು: ಮೊದಲು ಅರ್ಥ್, ಆಮೇಲೆ ಟ್ಯೂನಿಂಗ್

ಹಳೇ ಗಾಡಿಗೆ ಸ್ಪೀಡುಯಿನೊ, ಮೆಗಾಸ್ಕ್ವರ್ಟ್‌ನಂಥ ಇಸಿಯು (ಇಂಧನ, ಸ್ಪಾರ್ಕ್ ನಿಯಂತ್ರಿಸುವ ಎಂಜಿನ್ ಕಂಪ್ಯೂಟರ್) ಕೂರಿಸಿದವರು ಐಡಲ್, ಅಂದರೆ ನಿಂತಲ್ಲೇ ಓಡುವ ವೇಗ, ಏರುಪೇರಾದರೆ ಸೀದಾ ಲ್ಯಾಪ್‌ಟಾಪ್ ತೆರೆಯುತ್ತಾರೆ. ಕಾರವಾರ, ಕುಮಟಾ ಕಡೆ ಮೊದಲು ತೆರೆಯಬೇಕಾದ್ದು ಬಾನೆಟ್. ಉಪ್ಪುಗಾಳಿಗೆ ಅರ್ಥ್ ಲಗ್‌ಗಳು (ಅರ್ಥ್ ವಯರ್ ತುದಿಯ ಲೋಹದ ತುಂಡುಗಳು) ಹಸಿರು ಕಿಲುಬು ಹಿಡಿದಿರುತ್ತವೆ.

ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್, ಫ್ಯಾನ್ ಎರಡೂ ಆನ್ ಇರಲಿ. ಬ್ಯಾಟರಿ ನೆಗೆಟಿವ್‌ಗೂ ಇಸಿಯು ಅರ್ಥ್ ಪಿನ್‌ಗೂ ನಡುವೆ ಡಿಸಿ ವೋಲ್ಟ್ ಅಳೆಯಿರಿ. 0.1 ವೋಲ್ಟ್ ಮೀರಿದರೆ ಲಗ್ ಬಿಚ್ಚಿ, ಲೋಹ ಹೊಳೆಯುವ ತನಕ ಎಮರಿ ಪೇಪರ್‌ನಿಂದ ಉಜ್ಜಿ, ಬಿಗಿ ಮಾಡಿ, ಮೇಲಿಂದ ಪೆಟ್ರೋಲಿಯಂ ಜೆಲ್ಲಿ ಸವರಿ. ಸೆನ್ಸರ್‌ಗಳ ಅರ್ಥ್ ವಯರ್ ಇಸಿಯುಗೇ ಹೋಗಬೇಕು. ಗಾಡಿಯ ಬಾಡಿ ಲೋಹಕ್ಕೆ ಕಟ್ಟಿದರೆ ಫ್ಯಾನ್ ತಿರುಗಿದಾಗಲೆಲ್ಲ ರೀಡಿಂಗ್ ಜಿಗಿಯುತ್ತದೆ. ಅದನ್ನು ಸಾಫ್ಟ್‌ವೇರ್‌ನ ಯಾವ ಟ್ಯೂನಿಂಗ್ ಟೇಬಲ್ಲೂ ಸರಿಮಾಡದು.

ಮುಂದೆ ಮ್ಯಾಪ್ ಸೆನ್ಸರ್, ಅಂದರೆ ಎಂಜಿನ್ ಒಳಕ್ಕೆ ಹೋಗುವ ಗಾಳಿಯ ಒತ್ತಡ ಅಳೆಯುವ ಸೆನ್ಸರ್. ಕೀ ಆನ್ ಮಾಡಿ, ಎಂಜಿನ್ ಶುರು ಮಾಡಬೇಡಿ. ಆಗ ಅದು ಹೊರಗಿನ ಗಾಳಿಯ ಒತ್ತಡವನ್ನೇ, ಕಾರವಾರದಲ್ಲಿ ಸುಮಾರು 100 ಕಿಲೊಪಾಸ್ಕಲ್, ತೋರಿಸಬೇಕು. ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟಿದಾಗ 94ರ ಆಸುಪಾಸು. ಅಲ್ಲೂ 100 ಬಂದರೆ ಕ್ಯಾಲಿಬ್ರೇಶನ್ ತಪ್ಪು ಎಂದೇ ಲೆಕ್ಕ.

ಇಂಧನದ ಸೆಟ್ಟಿಂಗ್ ಮುಟ್ಟುವ ಮೊದಲು ಟೈಮಿಂಗ್, ಅಂದರೆ ಸ್ಪಾರ್ಕ್ ಹಾರುವ ಹೊತ್ತು. ಸಾಫ್ಟ್‌ವೇರ್‌ನಲ್ಲಿ 10 ಡಿಗ್ರಿಗೆ ಲಾಕ್ ಮಾಡಿ, ಕ್ರ್ಯಾಂಕ್ ಪುಲ್ಲಿಯ ಗುರುತಿನ ಮೇಲೆ ಟೈಮಿಂಗ್ ಲೈಟ್ ಹಿಡಿಯಿರಿ. ಎಲ್ಲ ಆರ್‌ಪಿಎಂನಲ್ಲೂ ಒಂದೇ ವ್ಯತ್ಯಾಸವಿದ್ದರೆ ಸಾಫ್ಟ್‌ವೇರ್‌ನ ಟ್ರಿಗರ್ ಆಂಗಲ್ ಸೆಟ್ಟಿಂಗ್ ತಿದ್ದಿ. ಆರ್‌ಪಿಎಂ ಏರಿದಂತೆ ಗುರುತು ಜಾರುತ್ತಿದ್ದರೆ, ಎರಡು ವಯರಿನ ಮ್ಯಾಗ್ನೆಟಿಕ್ ಕ್ರ್ಯಾಂಕ್ ಸೆನ್ಸರ್ ಇರುವಲ್ಲಿ, ವಯರ್ ಅದಲುಬದಲಾಗಿರುವ ಸಾಧ್ಯತೆಯೇ ಹೆಚ್ಚು.

ಕೊನೆಗೆ ಇಂಧನ. ಹೊಗೆಯ ಆಮ್ಲಜನಕ ನೋಡಿ ಗಾಳಿ-ಇಂಧನದ ಮಿಶ್ರಣ ಹೇಳುವ ವೈಡ್‌ಬ್ಯಾಂಡ್ ಗೇಜನ್ನು ಲ್ಯಾಂಬ್ಡಾದಲ್ಲಿ ಓದಿ; ಲ್ಯಾಂಬ್ಡಾ 1 ಎಂದರೆ ಇಂಧನ ಪೂರ್ತಿ ಉರಿಯಲು ಬೇಕಾದಷ್ಟೇ ಗಾಳಿ. ಇ20 (20% ಎಥೆನಾಲ್ ಬೆರೆತ) ಪೆಟ್ರೋಲಿಗೆ 14.7 ಎಂಬ ಹಳೇ ಗಾಳಿ-ಇಂಧನ ಅನುಪಾತ ಹೊಂದುವುದಿಲ್ಲ, ಲ್ಯಾಂಬ್ಡಾ 1 ಮಾತ್ರ ಎಲ್ಲ ಇಂಧನಕ್ಕೂ 1.