ಲಾಲ್‌ಬಾಗಿನ ತಂಪನ್ನು ಅದರ ಜಾಗಕ್ಕೆ ತಂದದ್ದು

ಬೆಂಗಳೂರಿನ ಬೀದಿಗಳ ತಾಪಮಾನವನ್ನು ಕಾರಿನಲ್ಲಿ ಸುತ್ತಿ ಅಳೆಯಲು ಹೊರಟ ಮೊದಲ ರಾತ್ರಿ ಬರೆದ ನಕ್ಷೆಯಲ್ಲಿ ಲಾಲ್‌ಬಾಗಿನ ತಂಪು ಕಾಂಪೌಂಡು ದಾಟಿ ಜಯನಗರದ ಕಡೆಗೆ ಜಾರಿಕೊಂಡಿತ್ತು. 240 ಎಕರೆಯ ತೋಟದ ಪಕ್ಕ ಹಾಯುವಾಗ ಕಾರಿನ ಕಿಟಕಿಯಿಂದ ತಣ್ಣನೆಯ ಗಾಳಿ ನನ್ನ ಮುಖಕ್ಕೆ ತಾಗಿತ್ತು. ಆದರೂ ಉಪಕರಣ ಅದನ್ನು ಬೇರೆಲ್ಲೋ ತೋರಿಸುತ್ತಿತ್ತು.

ಕಾರಿಗೆ ತಾಪಮಾಪಕ ಕಟ್ಟಿ ಊರು ಸುತ್ತುವುದು ಹಳೆಯ ವಿದ್ಯೆ; ವಿಯೆನ್ನಾದಲ್ಲಿ ಹವಾಮಾನ ವಿಜ್ಞಾನಿ ವಿಲ್ಹೆಲ್ಮ್ ಶ್ಮಿಟ್ 1927ರಲ್ಲಿಯೇ ಇದನ್ನು ಮಾಡಿದ್ದರು. ನಾನು ಜನವರಿಯ ನಿರಭ್ರ, ಗಾಳಿಯಿಲ್ಲದ ರಾತ್ರಿಗಳನ್ನು ಆರಿಸಿಕೊಂಡೆ. ನಗರದ ಬಿಸಿ ಎದ್ದು ಕಾಣುವುದು ಅಂಥ ರಾತ್ರಿಗಳಲ್ಲಿ. ಒಂದರೊಳಗೊಂದು ಇಟ್ಟ ಎರಡು ಬಿಳಿ ಪಿವಿಸಿ ಕೊಳವೆಗಳ ನಡುವೆ ತಾಪ ಅಳೆಯುವ ಸಂವೇದಕ (ಸೆನ್ಸರ್), ಹಿಂದೆ ಗಾಳಿ ಎಳೆಯುವ ಪುಟ್ಟ ಫ್ಯಾನ್. ಬಾನೆಟ್ಟಿನ ಕಾವು ತಾಗದಂತೆ ಇಡೀ ಜೋಡಣೆಯನ್ನು ಕಾರಿನ ಮೇಲ್ಛಾವಣಿಯಿಂದ ಕೋಲಿನ ಮೇಲೆ ಎತ್ತರಿಸಿದೆ. ಬಿಸಿಲಿಲ್ಲದ ಇರುಳಿನಲ್ಲಿ ಕೊಳವೆಯ ಮರೆ ಏಕೆಂದು ಗೆಳೆಯರು ಕೇಳಿದರು. ಮರೆಯಿಲ್ಲದ ಸಂವೇದಕ ತೆರೆದ ಆಕಾಶಕ್ಕೆ ಶಾಖ ಚೆಲ್ಲಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಅದಕ್ಕಾಗಿ.

ಜಾರಿದ ತಂಪಿನ ಗುಟ್ಟು ಬಿಡಿಸಲು ಅದೇ ದಾರಿಯಲ್ಲಿ ಅದೇ ವೇಗದಲ್ಲಿ ಹಿಂದಿರುಗಿದೆ. ಈ ಸಲ ತಂಪು ಎದುರು ದಿಕ್ಕಿಗೆ ಸರಿದಿತ್ತು! ಹೋಗುವಾಗ, ಬರುವಾಗ ತಾಪಮಾನ ತೀರ ಇಳಿದು ಕಂಡ ಎರಡು ತಗ್ಗುಗಳ ನಡುವೆ ಸುಮಾರು 600 ಮೀಟರ್. ಅಂದರೆ ಒಂದೊಂದು ಸಲವೂ 300 ಮೀಟರ್ ತಡ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 10 ಮೀಟರ್ ಓಡುತ್ತದೆ. ಹೊಸ ಗಾಳಿಗೆ ಹೊಂದಿಕೊಳ್ಳಲು ನನ್ನ ಸಂವೇದಕ 30 ಸೆಕೆಂಡು ತೆಗೆದುಕೊಳ್ಳುತ್ತಿತ್ತು, ಅಷ್ಟೇ. ದಪ್ಪ ಲೋಹದ ಕವಚದ ಆ ಸಂವೇದಕವನ್ನು ತೆಗೆದು ಕೂದಲಿನಷ್ಟು ತೆಳುವಾದ ತಂತಿಯ ಥರ್ಮೋಕಪಲ್ (ಎರಡು ಲೋಹದ ತಂತಿಗಳನ್ನು ಬೆಸೆದ ತಾಪ ಸಂವೇದಕ) ಹಾಕಿದೆ. ಎರಡು ತಗ್ಗುಗಳೂ ತೋಟದ ಪಕ್ಕದಲ್ಲಿಯೇ ಒಂದರ ಮೇಲೊಂದು ಕೂತವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸಿಗ್ನಲ್‌ಗಳದು ಬೇರೆಯೇ ಕಾಟ. ನಿಂತ ಬಸ್ಸಿನ ಹಿಂದೆ ಅಳೆದದ್ದು ಬೀದಿಯ ಗಾಳಿಯಲ್ಲ, ಹೊಗೆಯ ಬಿಸಿ. ಆದ್ದರಿಂದ ಗಂಟೆಗೆ 15 ಕಿಲೋಮೀಟರಿಗಿಂತ ಕಡಿಮೆ ವೇಗದ ಅಂಕಿಗಳನ್ನೆಲ್ಲ ಕೈಬಿಡುತ್ತೇನೆ.

ಸುತ್ತು ಮುಗಿಯಲು ಒಂದೂವರೆ ತಾಸು ಹಿಡಿಯುತ್ತದೆ. ಅಷ್ಟರಲ್ಲಿ ಇಡೀ ಊರೇ ತಣಿಯುತ್ತಿರುತ್ತದೆ. ಹಾಗೆಯೇ ಬಿಟ್ಟರೆ ಕೊನೆಗೆ ತಲುಪಿದ ಬಡಾವಣೆಯೇ ತಂಪೆಂದು ಕಾಣುತ್ತದೆ. ಮನೆಯ ಹಿತ್ತಲಲ್ಲಿ ಇನ್ನೊಂದು ಮಾಪಕ ನಿಲ್ಲಿಸಿ, ಅಲ್ಲಿ ತಾಪಮಾನ ಇಳಿದಷ್ಟನ್ನು ಲೆಕ್ಕಕ್ಕೆ ಹಿಡಿದು, ಎಲ್ಲ ಅಂಕಿಗಳನ್ನೂ ರಾತ್ರಿ 10 ಗಂಟೆಗೆ ಹೊಂದಿಸುತ್ತೇನೆ. ಹೊರಟ ಜಾಗಕ್ಕೆ ಮರಳಿದಾಗ ಮೊದಲ ಮತ್ತು ಕೊನೆಯ ಅಂಕಿಗಳು ಕೂಡಿಬರದಿದ್ದರೆ ಆ ರಾತ್ರಿಯ ನಕ್ಷೆಯನ್ನು ಬರೆಯುವುದಿಲ್ಲ.