ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರನ್ನು ಮನೆಯಲ್ಲಿ ನೋಡಿಕೊಳ್ಳುವ ಬಗೆ

ಗರ್ಭಕೋಶ, ಪಿತ್ತಕೋಶ ಅಥವಾ ಹರ್ನಿಯಾದ ಆಪರೇಷನ್ ಮುಗಿಸಿ ಮನೆಗೆ ಬಂದವರಿಗೆ ಬಂಧುಗಳು ಮೊದಲು ಹೇಳುವುದು, "ಅಲುಗಾಡದೆ ಮಲಗಿರಿ, ಹೊಲಿಗೆ ಬಿಟ್ಟೀತು" ಎಂದು. ಅಕ್ಕರೆಯ ಮಾತೇ ಆದರೂ ಇದನ್ನು ಪಾಲಿಸಬಾರದು. ಹಾಸಿಗೆಯಲ್ಲೇ ಉಳಿದವರಿಗೆ ಶ್ವಾಸಕೋಶದಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಕರುಳು ಮಂದವಾಗಿ ಹೊಟ್ಟೆ ಉಬ್ಬರಿಸಬಹುದು. ಆದುದರಿಂದ ವೈದ್ಯರು ಬೇಡವೆಂದಿರದಿದ್ದರೆ, ದಿನಕ್ಕೆ ನಾಲ್ಕಾರು ಬಾರಿ ಸ್ವಲ್ಪ ಸ್ವಲ್ಪ ದೂರವಾದರೂ ನಡೆಸುವುದೇ ಆರೈಕೆಯ ಮುಖ್ಯ ಭಾಗ.

ಎಬ್ಬಿಸುವಾಗ ಎರಡೂ ಕೈ ಹಿಡಿದು ನೇರವಾಗಿ ಎಳೆಯಬೇಡಿ. ಆಗ ಭಾರವೆಲ್ಲ ಹೊಟ್ಟೆಯ ಸ್ನಾಯುಗಳ ಮೇಲೆ ಬೀಳುತ್ತದೆ. ಮೊದಲು ಮೊಣಕಾಲು ಮಡಿಸಲು ಹೇಳಿ, ಭುಜ ಮತ್ತು ಸೊಂಟ ಒಟ್ಟಿಗೆ ತಿರುಗುವಂತೆ ಮಗ್ಗುಲಾಗಿಸಿ, ಕಾಲುಗಳು ಮಂಚದಿಂದ ಕೆಳಗಿಳಿಯುತ್ತಿದ್ದಂತೆಯೇ ಅವರು ಮೊಣಕೈ ಊರಿ ಮೇಲೇಳುವಾಗ ಬೆನ್ನಿಗೆ ಕೈಕೊಡಿ. ಎದ್ದು ಕುಳಿತ ಮೇಲೆ ಒಂದೆರಡು ನಿಮಿಷ ಹಾಗೆಯೇ ಇರಲಿ. ಮುಖ ಬಿಳಿಚಿಕೊಂಡರೆ, ಹಣೆಯಲ್ಲಿ ಬೆವರೊಡೆದರೆ, ತಲೆ ಸುತ್ತುತ್ತದೆ ಎಂದರೆ ಎದ್ದು ನಿಲ್ಲಲು ಬಿಡದೆ ಮತ್ತೆ ಮಲಗಿಸಿ.

ನೋವಿಗೆ ಹೆದರಿ ಕೆಮ್ಮನ್ನು ತಡೆಹಿಡಿಯುವವರೇ ಹೆಚ್ಚು. ಸಣ್ಣ ದಿಂಬನ್ನು, ಇಲ್ಲವೆ ನಾಲ್ಕು ಮಡಿಕೆಯ ಟವೆಲನ್ನು ಗಾಯದ ಮೇಲೆ ಎರಡೂ ಕೈಗಳಿಂದ ಒತ್ತಿ ಹಿಡಿದುಕೊಂಡರೆ ಕೆಮ್ಮುವುದು ಎಷ್ಟೋ ಸುಲಭವಾಗುತ್ತದೆ. ಎಚ್ಚರವಿರುವಷ್ಟು ಹೊತ್ತು ಗಂಟೆಗೊಮ್ಮೆ ಹತ್ತು ಬಾರಿ ದೀರ್ಘವಾಗಿ ಉಸಿರೆಳೆದು ಬಿಡಿಸಿ. ನೋವಿನ ಮಾತ್ರೆಯನ್ನು, ತಡೆಯಲಾರದಷ್ಟು ನೋವು ಬರಲೆಂದು ಕಾಯದೆ, ಬರೆದುಕೊಟ್ಟ ಹೊತ್ತಿಗೇ ಕೊಡಿ. ನೋವು ಹತೋಟಿಯಲ್ಲಿದ್ದರೆ ಮಾತ್ರ ಅವರು ನಡೆದಾರು, ಕೆಮ್ಮಿಯಾರು.

ಗಾಯವನ್ನು ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಸೋಪು ಹಚ್ಚಿ ಕೈ ತೊಳೆಯಿರಿ. ಅರಿಶಿನ, ಕೊಬ್ಬರಿ ಎಣ್ಣೆ, ಪೌಡರ್ ಯಾವುದನ್ನೂ ಹಚ್ಚಬಾರದು. ಸ್ನಾನ ಯಾವಾಗಿನಿಂದ ಎಂಬುದನ್ನು ಡಿಸ್ಚಾರ್ಜ್ ದಿನವೇ ಕೇಳಿಕೊಳ್ಳಿ.

ಊಟದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಪಥ್ಯ ಅತಿಯಾಗಿದೆ ಎಂಬುದು ನನ್ನ ಅಭಿಪ್ರಾಯ. ಬೇಳೆ ತಿಂದರೆ ಕೀವಾಗುತ್ತದೆ, ಮೊಟ್ಟೆ ನಂಜು ಎಂದು ಬರೀ ಗಂಜಿ ಮತ್ತು ಬ್ರೆಡ್ಡಿನಲ್ಲಿ ದಿನ ದೂಡಿಸುತ್ತಾರೆ. ಗಾಯ ಕೂಡಿಕೊಳ್ಳಲು ಬೇಕಾದುದೇ ಪ್ರೋಟೀನ್. ವೈದ್ಯರು ಮಾಮೂಲಿ ಊಟಕ್ಕೆ ಒಪ್ಪಿದ ಮೇಲೆ ತೊವ್ವೆ, ಮೊಸರು, ಮೊಳಕೆಕಾಳು, ತಿನ್ನುವವರಿಗೆ ಮೊಟ್ಟೆ, ಮೀನು ಕೊಡಿ. ತಿಣುಕಿ ಮಲವಿಸರ್ಜನೆ ಮಾಡುವಂತಾಗದಿರಲು ಸೊಪ್ಪು, ಹಣ್ಣು, ಸಾಕಷ್ಟು ನೀರೂ ಇರಲಿ. ಸಕ್ಕರೆ ಕಾಯಿಲೆ ಇದ್ದವರಲ್ಲಿ ರಕ್ತದ ಸಕ್ಕರೆ ಏರಿದರೆ ಗಾಯ ಮಾಯುವುದು ತಡವಾಗುತ್ತದೆ. ಹೊಟ್ಟೆ ಕೊಯ್ದು ಮಾಡಿದ ಆಪರೇಷನ್ ಆಗಿದ್ದರೆ ಸಾಮಾನ್ಯವಾಗಿ ಆರು ವಾರ ನೀರಿನ ಕೊಡ, ಗ್ಯಾಸ್ ಸಿಲಿಂಡರ್, ಮಕ್ಕಳನ್ನು ಎತ್ತಬಾರದು.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ತಲುಪಿದರೆ, ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಕೀವು ಅಥವಾ ದುರ್ವಾಸನೆ ಬಂದರೆ, ವಾಂತಿ ನಿಲ್ಲದಿದ್ದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅಂದೇ ವೈದ್ಯರಿಗೆ ತೋರಿಸಿ. ಹೊಲಿಗೆ ಬಿಟ್ಟು ಗಾಯ ತೆರೆದುಕೊಂಡರೆ, ರಕ್ತ ನಿಲ್ಲದೆ ಸುರಿದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾದರೆ ಅಥವಾ ಎದೆ ನೋವು ಬಂದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ.