ಕಪ್ಪು ಪ್ಯಾಕೆಟ್, ಹಳದಿ ಹೂವು: ಪುಣೆಯಲ್ಲಿ ನಮ್ಮ ಬ್ರ್ಯಾಂಡ್ ಕಟ್ಟಿದ ಬಗೆ

ಪುಣೆಯಲ್ಲಿ ಚಟ್ನಿಪುಡಿ ಮಾರುತ್ತೇವೆ ಅಂದರೆ ಎಲ್ಲರೂ ಮೊದಲು ಕೇಳುವುದು, 'ಸೊಲ್ಲಾಪುರದ್ದಾ?' ಇಲ್ಲಿ ಶೇಂಗಾ ಚಟ್ನಿ ಅಂದರೆ ಸೊಲ್ಲಾಪುರವೇ. ಕೆಂಪಗೆ, ಬೆಳ್ಳುಳ್ಳಿ ಘಮದ, ಎಣ್ಣೆ ಬಿಡುವ ತನಕ ಕುಟ್ಟಿದ ಆ ಚಟ್ನಿ ನಿಜಕ್ಕೂ ಚೆನ್ನಾಗಿರುತ್ತದೆ. ನಾವು ಧಾರವಾಡದ ಕಡೆಯವರು. ಚಟ್ನಿಪುಡಿಗೆ ನಾವು ಹಿಂಡಿ ಅನ್ನುತ್ತೇವೆ. ನಮ್ಮ ಮನೆಯ ಶೇಂಗಾ ಹಿಂಡಿಗೆ ಬ್ಯಾಡಗಿ ಮೆಣಸಿನಕಾಯಿ, ಒಂಚೂರು ಬೆಲ್ಲ, ಹುಣಸೆ ಬೀಳುತ್ತವೆ. ರುಚಿ ಬೇರೆಯೇ. ಆದರೆ ಅಂಗಡಿಯ ಕಪಾಟಿನಲ್ಲಿ ರುಚಿ ಕಾಣಿಸುವುದಿಲ್ಲವಲ್ಲ. ಕಾಣುವುದು ಪ್ಯಾಕೆಟ್. ನಮ್ಮ ಸುತ್ತಮುತ್ತಲ ಅಂಗಡಿಗಳಲ್ಲಿ ಹೆಚ್ಚುಕಡಿಮೆ ಎಲ್ಲ ಪ್ಯಾಕೆಟ್ಟೂ ಕೆಂಪು.

ನಾನು, ಅತ್ತಿಗೆ ಸೇರಿ ಕೊತ್ರೂಡಿನ ಮನೆಯಿಂದಲೇ ಈ ಕೆಲಸ ಶುರು ಮಾಡಿದಾಗ ಲೋಗೋ ಬಗ್ಗೆ ಯೋಚಿಸಲೇ ಇಲ್ಲ. ಮೊದಲು ತೀರ್ಮಾನಿಸಬೇಕಾಗಿದ್ದು ಬೇರೆ ವಿಷಯ. ಜನ ನಮ್ಮನ್ನು ಯಾವುದಕ್ಕೆ ನೆನಪಿಟ್ಟುಕೊಳ್ಳಬೇಕು? ಪುಣೆಯಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಗಳಿವೆ. ಚಿತಳೆ ಬಂಧು ಅನ್ನುವ ತಿಂಡಿ ಅಂಗಡಿ ಅಂದರೆ ಬಾಕರವಡಿ, ಮಸಾಲೆ ತುಂಬಿ ಸುರುಳಿ ಸುತ್ತಿ ಕರಿದ ತಿಂಡಿ. ಅವರು ಇನ್ನೂ ಎಷ್ಟೋ ತಿಂಡಿ ಮಾಡುತ್ತಾರೆ, ಆದರೂ ಮೊದಲು ಬಾಯಿಗೆ ಬರುವುದು ಅದೇ. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿ ಹೋಟೆಲನ್ನು ಬೆಳೆಸಿದವರು ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟರು. ಮೊದಲು ಅದರ ಹೆಸರು ಮದ್ರಾಸ್ ಹೆಲ್ತ್ ಹೋಮ್ ಅಂತಿತ್ತು. ಆ ಕಾಲದಲ್ಲಿ ದಕ್ಷಿಣದ ತಿಂಡಿ ಎಲ್ಲವೂ ಇಲ್ಲಿನವರಿಗೆ 'ಮದ್ರಾಸಿ'. ಆಮೇಲೆ ವೈಶಾಲಿ ಅಂತಾಯಿತು. ಈಗ ಅಲ್ಲಿಗೆ ಹೋಗುವವರು ದಕ್ಷಿಣದ ಹೋಟೆಲಿಗೆ ಹೋಗೋಣ ಅನ್ನುವುದಿಲ್ಲ, ವೈಶಾಲಿಗೆ ಹೋಗೋಣ ಅನ್ನುತ್ತಾರೆ. ಹೆಸರು ಗಟ್ಟಿಯಾಗಿ ನಿಂತಿದೆ ಅನ್ನಲು ಇದಕ್ಕಿಂತ ಬೇರೆ ಗುರುತು ಬೇಕಾ?

ನಾವು ಶೇಂಗಾವನ್ನು ಹಿಂದೆ ಸರಿಸಿ ಗುರೆಳ್ಳು (ಹುಚ್ಚೆಳ್ಳು) ಹಿಂಡಿಯನ್ನು ಮುಂದಕ್ಕೆ ತಂದೆವು. ಮರಾಠಿ ಮನೆಗಳಿಗೂ ಗುರೆಳ್ಳು ಹೊಸದಲ್ಲ, ಕಾರಳೆ ಅನ್ನುತ್ತಾರೆ. ಅಜ್ಜಿ ಮಾಡುತ್ತಿದ್ದರು ಅಂತ ನೆನೆಸಿಕೊಳ್ಳುವವರು ಸಿಗುತ್ತಾರೆ, ಆದರೆ ಈಗ ಮನೆಯಲ್ಲಿ ಹುರಿದು ಕುಟ್ಟುವವರು ಕಡಿಮೆ. ಗೊತ್ತಿರುವ ರುಚಿ, ಸುಲಭವಾಗಿ ಸಿಗದ ಮಾಲು. ನಮ್ಮಂಥ ಸಣ್ಣವರಿಗೆ ಇಂಥ ಜಾಗವೇ ಬೇಕಾಗಿದ್ದು.

ಬಣ್ಣವೂ ಅಲ್ಲಿಂದಲೇ ಬಂತು. ಗುರೆಳ್ಳಿನ ಕಾಳು ಕಪ್ಪು, ಹೂವು ಅಪ್ಪಟ ಹಳದಿ. ಕಪ್ಪು ಪ್ಯಾಕೆಟ್, ಅದರ ಮೇಲೆ ಬಿಳಿ ವೃತ್ತ, ವೃತ್ತದೊಳಗೆ ಹಳದಿ ಹೂವು. ತಿನ್ನುವ ಪದಾರ್ಥಕ್ಕೆ ಕಪ್ಪು ಯಾಕೆ, ಅಶುಭ ಅಂತ ಮನೆಯಲ್ಲಿ ಮಾತು ಬಂತು. ನಾನು ಪಟ್ಟು ಬಿಡಲಿಲ್ಲ. ಮಾದರಿ ಪ್ಯಾಕೆಟ್ಟನ್ನು ಪರಿಚಯದ ಕಿರಾಣಿ ಅಂಗಡಿಯ ಕಪಾಟಿನಲ್ಲಿ ಇಟ್ಟು, ಗಿರಾಕಿ ನಿಲ್ಲುವ ಜಾಗದಿಂದ ಮೊಬೈಲಿನಲ್ಲಿ ಫೋಟೋ ತೆಗೆದೆ. ಸಂಜೆ ಟ್ಯೂಬ್‌ಲೈಟ್ ಬೆಳಕಲ್ಲಿ ಇನ್ನೊಂದು ತೆಗೆದೆ. ಎರಡರಲ್ಲೂ ಕೆಂಪು ಸಾಲಿನ ನಡುವೆ ಕಣ್ಣು ನೇರ ಹೋಗುತ್ತಿದ್ದದ್ದು ಹೂವಿಗೇ. ಕಂಪ್ಯೂಟರ್ ಪರದೆಯ ಮೇಲೆ ಡಿಸೈನ್ ನೋಡಿ ಒಪ್ಪಿಗೆ ಕೊಡುವವರಿಗೆ ನಾನು ಹೇಳುವುದು ಇಷ್ಟೇ: ಕಪಾಟಿನಲ್ಲಿಟ್ಟು ನೋಡಿ, ಆಮೇಲೆ ಹೇಳಿ.

ಪಾರದರ್ಶಕ ಕಿಟಕಿ ಇರಲಿ, ಒಳಗಿನ ಮಾಲು ಕಾಣಲಿ ಅಂತ ಅಂಗಡಿಯವರು ಕೇಳುತ್ತಿದ್ದರು. ಗುರೆಳ್ಳಿನಲ್ಲೂ ಶೇಂಗಾದಲ್ಲೂ ಎಣ್ಣೆ ಜಾಸ್ತಿ. ಬೆಳಕು, ಗಾಳಿ ತಾಗಿದರೆ ಬೇಗ ಕಮಟು ವಾಸನೆ ಬರುತ್ತದೆ. ಬ್ಯಾಡಗಿಯ ಬಣ್ಣವೂ ಬೆಳಕಿಗೆ ಮಾಸುತ್ತದೆ. ಹಾಗಾಗಿ ಕಿಟಕಿ ಬೇಡ ಅಂದೆವು, ತೆಳು ಲೋಹದ ಪದರವಿರುವ ಮೆಟಲೈಸ್ಡ್ ಪೌಚ್ ತೆಗೆದುಕೊಂಡೆವು. ಪ್ಯಾಕೆಟ್ ಒಡೆದಾಗ ಬರುವ ಮೊದಲ ವಾಸನೆಯೇ ನನ್ನ ಪ್ರಕಾರ ಬ್ರ್ಯಾಂಡಿನ ಅತಿ ಮುಖ್ಯ ಭಾಗ. ಅದು ಕೆಟ್ಟರೆ ಎಷ್ಟು ಚಂದದ ಹೂವಿದ್ದರೂ ಗಿರಾಕಿ ವಾಪಸ್ ಬರುವುದಿಲ್ಲ.

ಮೊದಮೊದಲು ರವಿವಾರ ಪೇಟೆಯ ಬೋಹ್ರಿ ಆಳಿ ಅನ್ನುವ ಗಲ್ಲಿಯಿಂದ ಸಾದಾ ಪೌಚ್ ತಂದು ಸ್ಟಿಕ್ಕರ್ ಅಂಟಿಸುತ್ತಿದ್ದೆವು. ಕಾಗದದ ಸ್ಟಿಕ್ಕರಿಗೆ ಎಣ್ಣೆಕೈ ತಾಗಿದರೆ ಕಲೆ ಉಳಿಯುತ್ತದೆ. ಪ್ಲಾಸ್ಟಿಕ್ ಸ್ಟಿಕ್ಕರಿಗೆ ಸ್ವಲ್ಪ ಜಾಸ್ತಿ ದುಡ್ಡು, ಆದರೆ ಒರೆಸಿದರೆ ಹೋಗುತ್ತದೆ. ಮಾರಾಟ ಹೆಚ್ಚಿದ ಮೇಲೆ ಗ್ರಾವ್ಯೂರ್ ಪ್ರಿಂಟಿಂಗಿಗೆ ಹೋದೆವು, ಅಂದರೆ ಚಿತ್ರ ಕೊರೆದ ಸಿಲಿಂಡರಿನಿಂದ ಪೌಚಿನ ಫಿಲ್ಮಿನ ಮೇಲೇ ಅಚ್ಚು ಹಾಕುವುದು. ಅದರಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್, ಪ್ರತಿ ಸಿಲಿಂಡರಿಗೂ ಬೇರೆ ದುಡ್ಡು. ನಮ್ಮದು ಕಪ್ಪು, ಬಿಳಿ, ಹಳದಿ, ಮೂರೇ. ಬಿಳಿ ಯಾಕೆ ಅಂದರೆ, ಹೊಳೆಯುವ ಫಿಲ್ಮಿನ ಮೇಲೆ ಹಳದಿ ನೇರ ಹಚ್ಚಿದರೆ ಮಂಕಾಗಿ ಕಾಣುತ್ತದೆ. ಕೆಳಗೆ ಬಿಳಿ ಇದ್ದರೇನೇ ಅದು ಹಳದಿ. ಪ್ರಿಂಟರಿಗೆ 'ಚೆನ್ನಾಗಿರೋ ಹಳದಿ' ಅಂದರೆ ಸಾಲದು. ಒಂದು ಸಲ ಕಿತ್ತಳೆ ಕಡೆಗೆ ವಾಲುತ್ತದೆ, ಇನ್ನೊಂದು ಸಲ ನಿಂಬೆ ಕಡೆಗೆ. ಪ್ರತಿ ಬಣ್ಣದ ಛಾಯೆಗೂ ಇರುವ ಪ್ಯಾಂಟೋನ್ ನಂಬರ್ ಬರೆದು ಕೊಟ್ಟು, ಒಪ್ಪಿದ ಒಂದು ತುಂಡಿನ ಮೇಲೆ ಇಬ್ಬರೂ ಸಹಿ ಮಾಡಿ ಇಟ್ಟುಕೊಂಡಿದ್ದೇವೆ.

ಹೆಸರಿನ ವಿಷಯ. ನಮ್ಮ ಹೆಸರನ್ನು ಇಲ್ಲಿ ಬರೆದರೆ ಜಾಹೀರಾತಾಗುತ್ತದೆ, ಬಿಡಿ. ಊರಿನ ಹೆಸರನ್ನೇ ಬ್ರ್ಯಾಂಡ್ ಮಾಡುವ ಆಸೆ ಅತ್ತಿಗೆಗೆ ಬಹಳ ಇತ್ತು. ಆದರೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಮಾಲು ಯಾವ ಊರಿನದು, ಎಂಥದ್ದು ಅಂತಷ್ಟೇ ಹೇಳುವ ಹೆಸರಿಗೆ ನೋಂದಣಿ ಸಿಗುವುದು ಕಷ್ಟ. ನ್ಯಾಯವೇ, ಧಾರವಾಡ ನಮ್ಮೊಬ್ಬರದ್ದಲ್ಲವಲ್ಲ. ಮನೆಯಲ್ಲಿ ಕರೆಯುವ ಒಂದು ಪುಟ್ಟ ಹೆಸರನ್ನು ಆರಿಸಿಕೊಂಡೆವು. ಪರೀಕ್ಷೆ ಸರಳ. ಮರಾಠಿ ಮಾತಾಡುವ ಡೆಲಿವರಿ ಹುಡುಗನಿಗೆ ಫೋನಿನಲ್ಲಿ ಒಮ್ಮೆ ಹೇಳಬೇಕು, ಅವನು ಅದನ್ನು ತಪ್ಪಿಲ್ಲದೆ ತಿರುಗಿ ಹೇಳಬೇಕು. ಹಾಗೆ ಪಾಸಾದ ಹೆಸರಿಗೆ ಟ್ರೇಡ್‌ಮಾರ್ಕ್ ಪಟ್ಟಿಯ 30ನೇ ವರ್ಗದಲ್ಲಿ ಆನ್‌ಲೈನ್ ಅರ್ಜಿ ಹಾಕಿದೆವು. ಚಟ್ನಿ, ಮಸಾಲೆ, ರೊಟ್ಟಿ ಎಲ್ಲ ಬರುವುದು ಆ ವರ್ಗದಲ್ಲೇ. ವ್ಯಕ್ತಿಯಾಗಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ನೋಂದಣಿ ಆದರೆ 10 ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬಹುದು. ನೋಂದಣಿ ಆಗುವವರೆಗೆ ಹೆಸರಿನ ಪಕ್ಕ ಟಿಎಂ ಅಂತ ಹಾಕಬಹುದು. ವೃತ್ತದೊಳಗಿನ ಆರ್ ಗುರುತು ನೋಂದಣಿಗೆ ಮುಂಚೆ ಹಾಕುವುದು ಅಪರಾಧ.

ಅಕ್ಷರದ ಬಗ್ಗೆ ನನಗೆ ತುಂಬ ಹಟ ಇತ್ತು. ಕನ್ನಡ ಪ್ಯಾಕೆಟ್ಟಿನ ಮೇಲೆ ಇರಲೇಬೇಕು. ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇದ್ದರೆ, ಜೊತೆಗೆ ಬೇರೆ ಭಾಷೆ ಹಾಕಲು ಅಡ್ಡಿಯಿಲ್ಲ. ನಾವು ಮಾರುವ ಕೌಂಟರಿನ ಬೋರ್ಡಿಗೆ ಮಹಾರಾಷ್ಟ್ರದ ನಿಯಮ ಬೇರೆ ಇದೆ. ದೇವನಾಗರಿಯಲ್ಲಿ ಮರಾಠಿ ಹೆಸರು ಬೇಕು, ಅದು ಬೇರೆ ಭಾಷೆಯ ಅಕ್ಷರಕ್ಕಿಂತ ಚಿಕ್ಕದಿರಬಾರದು. 2022ರ ತಿದ್ದುಪಡಿಯಿಂದ ಸಣ್ಣ ಅಂಗಡಿಗಳಿಗೂ ಇದು ಅನ್ವಯ. ಹಾಗಾಗಿ ಎರಡೂ ಲಿಪಿ ಒಂದೇ ಮನೆಯವರಂತೆ ಕಾಣಬೇಕಿತ್ತು. ಫಾಂಟ್ ಮಾಡುವ ಮುಂಬೈನ ಏಕ್ ಟೈಪ್‌ನವರ ಅನೇಕ್ ಅನ್ನುವ ಅಕ್ಷರ ಕುಟುಂಬದಲ್ಲಿ ಕನ್ನಡ, ದೇವನಾಗರಿ, ಇಂಗ್ಲಿಷ್ ಮೂರೂ ಇವೆ. ದಪ್ಪ, ಅಗಲ ಎಲ್ಲದರಲ್ಲೂ ಹೊಂದುತ್ತವೆ. ಲೈಸೆನ್ಸ್ ಮುಕ್ತ, ದುಡ್ಡು ಕೊಡಬೇಕಾಗಿಲ್ಲ. ಕನ್ನಡಕ್ಕೆ ಒಂದು, ಮರಾಠಿಗೆ ಇನ್ನೊಂದು ಅಂತ ಸಿಕ್ಕ ಫಾಂಟ್ ಹಾಕಿದ ಬೋರ್ಡುಗಳನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಹಿಂಬದಿಯ ಸ್ಟಿಕ್ಕರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ಸಂಖ್ಯೆ, ತೂಕ, ಬೆಲೆ, ತಯಾರಾದ ದಿನ ಇತ್ಯಾದಿ. ಶೇಂಗಾ ಅಲರ್ಜಿಯ ಎಚ್ಚರಿಕೆ ಮರೆಯಬಾರದು.

ಇಷ್ಟೆಲ್ಲ ಮಾಡಿದರೂ ರುಚಿ ಒಂದೇ ಥರ ಇರದಿದ್ದರೆ ಸುಮ್ನೆ. ಬ್ಯಾಡಗಿ ಒಂದು ಸುಗ್ಗಿಯಿಂದ ಇನ್ನೊಂದಕ್ಕೆ ಬದಲಾಗುತ್ತದೆ, ಬಣ್ಣ ಒಮ್ಮೆ ಗಾಢ, ಒಮ್ಮೆ ತಿಳಿ. ಗುರೆಳ್ಳು ಚಟಪಟ ಅನ್ನುವುದು ನಿಲ್ಲುವ ಹೊತ್ತಿಗೆ ಇಳಿಸಬೇಕು, ಸ್ವಲ್ಪ ತಡವಾದರೂ ಕಹಿ. ಪ್ರತಿ ಸಲ ಮಾಡಿದಾಗ ಒಂದು ಪ್ಯಾಕೆಟ್ ತೆಗೆದಿಟ್ಟು, ಮುಂದಿನ ಸಲದ ಹಿಂಡಿಯನ್ನು ಅದರ ಪಕ್ಕ ಬಿಳಿ ತಟ್ಟೆಯಲ್ಲಿ ಹಾಕಿ ನೋಡುತ್ತೇವೆ. ಬಣ್ಣ ನೋಡುವುದು ನಾನು, ನಾಲಿಗೆ ಅತ್ತಿಗೆಯದು. ಅವರು ಬೇಡ ಅಂದರೆ ಆ ಸಲದ್ದು ಮನೆಗೇ.

ಹೋದ ವರ್ಷ ದೊಡ್ಡ ಅಂಗಡಿಯೊಂದು ತಮ್ಮ ಹೆಸರಿನಲ್ಲಿ ಪ್ಯಾಕ್ ಮಾಡಿ ಕೊಡಿ ಅಂತ ಕೇಳಿತು. ಆರ್ಡರ್ ದೊಡ್ಡದು. ಒಪ್ಪಲಿಲ್ಲ. ನಮ್ಮ ಹೂವಿಲ್ಲದೆ ನಮ್ಮ ಹಿಂಡಿ ಹೊರಗೆ ಹೋಗುವುದು ನಮಗೆ ಬೇಡವಾಗಿತ್ತು. ಅದರ ಬದಲು ಎರಡನೇ ಹಿಂಡಿಗೆ ಕೈಹಾಕಿದೆವು, ಅಗಸಿ. ಅಗಸಿಯ ಹೂವು ನೀಲಿ. ಅದೇ ಕಪ್ಪು ಪ್ಯಾಕೆಟ್, ಅದೇ ಬಿಳಿ ವೃತ್ತ, ಒಳಗೆ ನೀಲಿ ಹೂವು ಮತ್ತು ಹಿಂಡಿಯ ಹೆಸರು. ಎರಡು ಸಿಲಿಂಡರ್ ಹಾಗೇ ಉಳಿದವು, ಹೊಸದಾಗಿ ಮಾಡಿಸಿದ್ದು ಒಂದೇ. ಶೇಂಗಾದ ಹೂವೂ ಹಳದಿ, ಅದು ಗುರೆಳ್ಳಿನ ಜೊತೆ ಗೊಂದಲವಾಗುತ್ತದೆ. ಅದಕ್ಕೆ ಶೇಂಗಾ ಬೀಜದ ಸಿಪ್ಪೆಯ ತಿಳಿಗುಲಾಬಿ ಬಣ್ಣ ಹಾಕೋಣ ಅಂತ ಅತ್ತಿಗೆ ಹೇಳಿದ್ದಾರೆ. ಮಾದರಿ ಬಂದ ಕೂಡಲೇ ಕಿರಾಣಿ ಅಂಗಡಿಗೆ ಒಯ್ಯಬೇಕು.